ಅಲ್ನಾ ಸರಿಯಾದರೆ ರೇಡಿಯಸ್ ಕೂರುತ್ತದೆ: ಮಕ್ಕಳ ಮೊಣಕೈಯ ಹಳೆಯ ಪೆಟ್ಟುಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಆಸ್ಪತ್ರೆಗಳ ವೈದ್ಯರು, ಎಕ್ಸ್‌ರೇ ತಂತ್ರಜ್ಞರು, ಫಿಸಿಯೋಥೆರಪಿಸ್ಟರು, ಮಕ್ಕಳ ತಂದೆ ತಾಯಿಯರು ಎಲ್ಲರೂ ಒಂದೇ ಸಭೆಯಲ್ಲಿ ಕೂತಿದ್ದೀರಿ. ಆದಷ್ಟೂ ಎಲ್ಲರಿಗೂ ತಿಳಿಯುವ ಮಾತಿನಲ್ಲೇ ಹೇಳುತ್ತೇವೆ. ಆಪರೇಷನ್ನಿನ ವಿವರ ಬಂದಾಗ ಸ್ವಲ್ಪ ಒಳಕ್ಕೆ ಹೋಗದೆ ವಿಧಿಯಿಲ್ಲ. ಅಲ್ನಾ, ರೇಡಿಯಸ್ ಅಂದರೆ ಮುಂಗೈಯ ಎರಡು ಮೂಳೆಗಳು: ಕಿರುಬೆರಳ ಬದಿಯದು ಅಲ್ನಾ, ಹೆಬ್ಬೆರಳ ಬದಿಯದು ರೇಡಿಯಸ್.

ಮಗು ಸೀಬೆ ಮರದಿಂದ ಬಿತ್ತು, ಸೈಕಲ್ಲಿನಿಂದ ಬಿತ್ತು. ಕೈ ಊದಿತು. ಯಾರೋ ಉಳುಕು ಅಂದರು, ಎಣ್ಣೆ ಹಚ್ಚಿ ನೀವಿದರು, ಬಿದಿರು ದಬ್ಬೆ ಇಟ್ಟು ಕಟ್ಟಿದರು. ಇಲ್ಲವೇ ಆಸ್ಪತ್ರೆಗೇ ಹೋದರು, ಎಕ್ಸ್‌ರೇಯಲ್ಲಿ ಕಂಡ ಒಂದು ಮುರಿತಕ್ಕೆ ಪ್ಲಾಸ್ಟರ್ ಬಿತ್ತು, ಕಾಣದ ಇನ್ನೊಂದು ತೊಂದರೆ ಹಾಗೇ ಉಳಿಯಿತು. ಊತ ಇಳಿಯಿತು, ನೋವು ಹೋಯಿತು, ಮಗು ಶಾಲೆಗೆ ಹೊರಟಿತು. ತಿಂಗಳುಗಳು ಕಳೆದ ಮೇಲೆ ತೀರ್ಥಕ್ಕೆ ಕೈಯೊಡ್ಡುವಾಗ ಅಮ್ಮನ ಕಣ್ಣಿಗೆ ಬೀಳುತ್ತದೆ: ಒಂದು ಅಂಗೈ ಪೂರ್ತಿ ಮೇಲಕ್ಕೆ ತಿರುಗುತ್ತಿಲ್ಲ. ತುತ್ತು ಬಾಯಿಗೆ ಹೋಗುತ್ತದೆ, ಆದರೆ ಕೈ ಮಡಚಿದರೆ ಬೆರಳು ಅದೇ ಬದಿಯ ಭುಜವನ್ನು ಮುಟ್ಟುವುದಿಲ್ಲ. ಮೊಣಕೈಯ ಮುಂಭಾಗದಲ್ಲಿ, ಸ್ವಲ್ಪ ಹೊರಬದಿಗೆ, ಒಂದು ಗಟ್ಟಿ ಗಂಟು ಸಿಗುತ್ತದೆ.

ಹಳೆಯ ಪೆಟ್ಟು ಅನ್ನುವುದಕ್ಕೆ ನಾವು ಇಟ್ಟುಕೊಂಡಿರುವ ಲೆಕ್ಕ ಸುಮಾರು 3 ವಾರ. ಅಷ್ಟರಲ್ಲಿ ಮಗುವಿನ ಮೂಳೆ ಅಂಟಲು ಶುರುವಾಗಿರುತ್ತದೆ, ಕೀಲಿನೊಳಗೆ ನಾರು ತುಂಬಿರುತ್ತದೆ. ಅದಾದ ಮೇಲೆ ಅರಿವಳಿಕೆ ಕೊಟ್ಟು ಎಳೆದು ಕೂರಿಸುವ ಪ್ರಯತ್ನದಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು.

‘ಮಕ್ಕಳ ಮೂಳೆ ತಾನಾಗಿ ಸರಿಹೋಗುತ್ತೆ’ ಎನ್ನುವ ಮಾತು ಮಣಿಕಟ್ಟಿನ ಹತ್ತಿರ ಬಹುಮಟ್ಟಿಗೆ ನಿಜ, ಮೊಣಕೈ ಹತ್ತಿರ ನಿಜವಲ್ಲ. ತೋಳಿನ ಮೂಳೆಯಾದ ಹ್ಯೂಮರಸ್ ಉದ್ದ ಬೆಳೆಯುವುದರಲ್ಲಿ ಸುಮಾರು ಶೇಕಡಾ 80 ಭುಜದ ತುದಿಯಲ್ಲಿ ಆಗುತ್ತದೆ, ಮೊಣಕೈ ತುದಿಯ ಪಾಲು 20 ಮಾತ್ರ. ಮುಂಗೈಯ ರೇಡಿಯಸ್ ಬೆಳವಣಿಗೆಯ ಮುಕ್ಕಾಲು ಪಾಲು ಮಣಿಕಟ್ಟಿನ ಕಡೆ. ಬೆಳವಣಿಗೆ ಎಲ್ಲಿ ಕಡಿಮೆಯೋ ಅಲ್ಲಿ ಸೊಟ್ಟ ತಿದ್ದುವ ಶಕ್ತಿಯೂ ಕಡಿಮೆ. ತಿರುಚಿಕೊಂಡು ಕೂಡಿದ ಮೂಳೆಯಂತೂ ಎಲ್ಲಿದ್ದರೂ ತಾನಾಗಿ ಸರಿಯಾಗುತ್ತದೆಂದು ನಂಬಿ ಕೂರುವಂತಿಲ್ಲ.

ಮಾಂಟೆಜಿಯಾ: ಒಂದು ಮುರಿತ, ಒಂದು ಜಾರಿಕೆ

ಇವತ್ತಿನ ಹೆಚ್ಚು ಸಮಯವನ್ನು ಈ ಒಂದೇ ಪೆಟ್ಟಿಗೆ ಕೊಡುತ್ತೇವೆ, ಏಕೆಂದರೆ ಅತ್ಯಂತ ಸುಲಭವಾಗಿ ತಪ್ಪಿಹೋಗುವುದೂ ಇದೇ, ತಡವಾದರೆ ಅತ್ಯಂತ ಕಷ್ಟ ಕೊಡುವುದೂ ಇದೇ. ಮಿಲಾನಿನ ಶಸ್ತ್ರವೈದ್ಯ ಜಿಯೊವಾನ್ನಿ ಬಟಿಸ್ಟಾ ಮಾಂಟೆಜಿಯಾ 1814ರಲ್ಲಿ ಇದನ್ನು ವಿವರಿಸಿದರು. ಅಲ್ನಾ ಮೂಳೆ ಮುರಿಯುತ್ತದೆ, ಜೊತೆಗೆ ರೇಡಿಯಸ್ಸಿನ ತಲೆ, ಅಂದರೆ ಮೊಣಕೈ ಕಡೆಯ ಅದರ ತುದಿ, ಕೀಲಿನಿಂದ ಜಾರುತ್ತದೆ. ಉರುಗ್ವೆಯ ಹೊಸೆ ಲೂಯಿಸ್ ಬಾಡೊ ಮಾಡಿದ ನಾಲ್ಕು ವಿಂಗಡಣೆಗಳನ್ನೇ ಇಂದಿಗೂ ಬಳಸುತ್ತೇವೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಮೊದಲನೆಯದು: ಅಲ್ನಾ ಮುಂದಕ್ಕೆ ಬಾಗಿರುತ್ತದೆ, ರೇಡಿಯಸ್ ತಲೆ ಮುಂದಕ್ಕೆ ಜಾರಿರುತ್ತದೆ.

ತಪ್ಪಿಹೋಗುವುದು ಏಕೆ? ಮಗುವಿನ ಅಲ್ನಾ ಎಷ್ಟೋ ಸಲ ಪಟ್ಟನೆ ಮುರಿಯುವುದಿಲ್ಲ, ಹಸಿ ಕಡ್ಡಿಯಂತೆ ಬಾಗಿ ನಿಲ್ಲುತ್ತದೆ. ಎಕ್ಸ್‌ರೇಯಲ್ಲಿ ಬಿರುಕಿನ ಗೆರೆಯೇ ಇರುವುದಿಲ್ಲ. ಇನ್ನು ಕೆಲವೊಮ್ಮೆ ಮುಂಗೈಯ ಫಿಲ್ಮು ಮೊಣಕೈಯ ಅಂಚಿಗೆ ನಿಂತುಬಿಟ್ಟಿರುತ್ತದೆ, ಅಥವಾ ಮಗು ಅಳುತ್ತಿದೆಯೆಂದು ಓರೆಯಾಗಿ ತೆಗೆದಿರುತ್ತಾರೆ. ತಂತ್ರಜ್ಞರಲ್ಲಿ ನಮ್ಮ ಕಳಕಳಿಯ ಕೋರಿಕೆ ಇಷ್ಟೇ: ಮುಂಗೈಯ ಪೆಟ್ಟು ಅಂದರೆ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಬರಬೇಕು, ಮತ್ತು ಮೊಣಕೈಯ ಪಕ್ಕನೋಟ ನೇರವಾಗಿರಬೇಕು.

ಎಕ್ಸ್‌ರೇ ಕೈಗೆ ಬಂದ ಮೇಲೆ ಒಂದು ಸ್ಕೇಲು ಸಾಕು. ರೇಡಿಯಸ್ಸಿನ ಕುತ್ತಿಗೆಯ ನಡುವಿನಿಂದ ಮೇಲಕ್ಕೆ ಗೆರೆ ಎಳೆಯಿರಿ. ಹ್ಯೂಮರಸ್ಸಿನ ಕೆಳತುದಿಯಲ್ಲಿ ಹೊರಬದಿಗೆ ಗುಂಡಗೆ ಕಾಣುವ ಕ್ಯಾಪಿಟೆಲ್ಲಮ್ ಮೂಲಕ ಆ ಗೆರೆ ಹಾದುಹೋಗಬೇಕು, ಯಾವ ಕೋನದಿಂದ ತೆಗೆದ ಚಿತ್ರದಲ್ಲಾದರೂ. ಕ್ಯಾಪಿಟೆಲ್ಲಮ್ ಸುಮಾರು 1 ವರ್ಷಕ್ಕೆಲ್ಲಾ ಎಕ್ಸ್‌ರೇಯಲ್ಲಿ ಕಾಣತೊಡಗುತ್ತದೆ, ಆದ್ದರಿಂದ ಬೀಳುವ ವಯಸ್ಸಿನ ಬಹುತೇಕ ಮಕ್ಕಳಲ್ಲಿ ಈ ಪರೀಕ್ಷೆ ನಡೆಯುತ್ತದೆ. ಎರಡನೆಯ ಗೆರೆ ಅಲ್ನಾದ್ದು. ಪಕ್ಕನೋಟದಲ್ಲಿ ಅಲ್ನಾದ ಹಿಂಬದಿ ಅಂಚು ನೇರವಾಗಿರುತ್ತದೆ. ಮೊಣಕೈಯ ಮೂಲೆಯಿಂದ ಮಣಿಕಟ್ಟಿನ ಕಡೆಗೆ ಸ್ಕೇಲು ಇಟ್ಟಾಗ ನಡುವೆ 1 ಮಿಲಿಮೀಟರಿಗಿಂತ ಹೆಚ್ಚು ಸಂದು ಕಂಡರೆ ಆ ಮೂಳೆ ಬಾಗಿದೆ ಎಂದು ಸಂಶಯಪಡಬೇಕು. ಇನ್ನೊಂದು ಕೈಯ ಎಕ್ಸ್‌ರೇ ಪಕ್ಕದಲ್ಲಿದ್ದರೆ ವಾದವೇ ಬೇಡ.

ರೇಡಿಯಸ್ ತಲೆ ಮಾತ್ರ ಜಾರಿದೆ, ಅಲ್ನಾಗೆ ಏನೂ ಆಗಿಲ್ಲ ಎಂಬ ವರದಿ ಬಂದರೆ ಅಲ್ನಾವನ್ನು ಮತ್ತೊಮ್ಮೆ ನೋಡಿ. ಪೆಟ್ಟಿನಿಂದಾದ ಜಾರಿಕೆಯಾದರೆ ಬಹುಪಾಲು ಅದು ಬಾಗಿಯೇ ಇರುತ್ತದೆ. ಹುಟ್ಟಿನಿಂದಲೇ ಜಾರಿರುವ ರೇಡಿಯಸ್ ಬೇರೆ ಸಂಗತಿ: ಸಾಮಾನ್ಯವಾಗಿ ಹಿಂದಕ್ಕೆ ಜಾರಿರುತ್ತದೆ, ಅನೇಕ ಸಲ ಎರಡೂ ಕೈಯಲ್ಲಿರುತ್ತದೆ, ತಲೆ ತಟ್ಟೆಯಂತೆ ತಗ್ಗಾಗಿರದೆ ಗುಮ್ಮಟದಂತೆ ಉಬ್ಬಿರುತ್ತದೆ, ಕ್ಯಾಪಿಟೆಲ್ಲಮ್ ಚಿಕ್ಕದಾಗಿರುತ್ತದೆ. ಅದನ್ನು ಹಳೆಯ ಪೆಟ್ಟು ಎಂದು ತಿಳಿದು ಕೊಯ್ದರೆ ಮಗುವಿಗೆ ಒಳ್ಳೆಯದಾಗುವುದಿಲ್ಲ.

ಮೊದಲ ದಿನ ಸರಿಯಾಗಿ ಕೂರಿಸಿದ್ದೂ ಪ್ಲಾಸ್ಟರಿನೊಳಗೇ ಜಾರಬಹುದು. ಅಲ್ನಾ ನಿಧಾನಕ್ಕೆ ಮತ್ತೆ ಬಾಗಿದರೆ ರೇಡಿಯಸ್ ಅದರ ಹಿಂದೆಯೇ ಹೋಗುತ್ತದೆ. ಆದ್ದರಿಂದ ಮೊದಲ 3 ವಾರ ವಾರಕ್ಕೊಂದು ಎಕ್ಸ್‌ರೇ ಬೇಕೇ ಬೇಕು. ಈ ಮೂರು ಎಕ್ಸ್‌ರೇ ಉಳಿಸಲು ಹೋಗಿ ಮಗುವನ್ನು ದೊಡ್ಡ ಆಪರೇಷನ್ನಿಗೆ ತಳ್ಳಬಾರದು.

ಹಳೆಯದಾದ ಮೇಲೆ ಆಪರೇಷನ್ ಹೇಗೆ

ಯಾರಿಗೆ ಮಾಡಬೇಕು ಎನ್ನುವುದೇ ಅರ್ಧ ಕೆಲಸ. ರೇಡಿಯಸ್ ತಲೆ ಇನ್ನೂ ತಟ್ಟೆಯಾಕಾರ ಉಳಿಸಿಕೊಂಡಿರಬೇಕು. ಎಕ್ಸ್‌ರೇಯಲ್ಲಿ ಖಾತ್ರಿಯಾಗದಿದ್ದರೆ ಎಂಆರ್‌ಐ ಮಾಡಿಸುತ್ತೇವೆ, ಏಕೆಂದರೆ ಚಿಕ್ಕ ಮಕ್ಕಳಲ್ಲಿ ತಲೆಯ ಬಹುಭಾಗ ಮೆದುಮೂಳೆ. ಜಪಾನಿನ ಶಸ್ತ್ರವೈದ್ಯರು ದೀರ್ಘಕಾಲ ಗಮನಿಸಿ 2009ರಲ್ಲಿ ಪ್ರಕಟಿಸಿದ ಫಲಿತಾಂಶ ನಮಗೆಲ್ಲ ದಾರಿ ತೋರಿಸಿದೆ: ವಯಸ್ಸು 12ಕ್ಕಿಂತ ಕಡಿಮೆಯಿದ್ದರೆ, ಅಥವಾ ಪೆಟ್ಟಾಗಿ 3 ವರ್ಷದೊಳಗಾದರೆ, ಒಳ್ಳೆಯ ಫಲ ನಿರೀಕ್ಷಿಸಬಹುದು. ಇದನ್ನು ಕಬ್ಬಿಣದ ಗೆರೆ ಎಂದು ನಾವು ಹಿಡಿಯುವುದಿಲ್ಲ, ತಲೆಯ ಆಕಾರ ಕ್ಯಾಲೆಂಡರಿಗಿಂತ ದೊಡ್ಡದು. ಆದರೆ ತಲೆ ಗುಮ್ಮಟವಾಗಿದ್ದು, ಹದಿಹರೆಯದ ಹುಡುಗನಿಗೆ ನೋವಿಲ್ಲ, ಕೈ ಸಾಕಷ್ಟು ಆಡುತ್ತಿದೆ ಅಂದರೆ ಮುಟ್ಟದಿರುವುದೇ ಲೇಸು. ಬೆಳೆಯುವ ಮಗುವಿನಲ್ಲಿ ಜಾರಿದ ತಲೆಯನ್ನು ಕತ್ತರಿಸಿ ತೆಗೆಯುವುದಂತೂ ಬೇಡ. ರೇಡಿಯಸ್ ಮೇಲಕ್ಕೆ ಸರಿದು ಮಣಿಕಟ್ಟು ನೋಯಲು ಶುರುವಾಗುತ್ತದೆ, ಮೊಣಕೈ ಹೊರಕ್ಕೆ ವಾಲುತ್ತದೆ.

ಆಪರೇಷನ್ನಿಗೆ ಮುಂಚೆ ಕೈ ಎಷ್ಟು ಮಡಚುತ್ತದೆ, ಅಂಗೈ ಎರಡೂ ಕಡೆ ಎಷ್ಟು ಡಿಗ್ರಿ ತಿರುಗುತ್ತದೆ ಎಂದು ಅಳೆದು ಬರೆದಿಡಿ. ಹೆಬ್ಬೆರಳು ಮೇಲೆತ್ತಿಸಿ, ಬೆರಳುಗಳ ಬುಡದ ಗೆಣ್ಣುಗಳನ್ನು ನೇರ ಮಾಡಿಸಿ ನೋಡಿ. ಇವನ್ನು ನಡೆಸುವ ಪೋಸ್ಟೀರಿಯರ್ ಇಂಟರ್‌ಆಸಿಯಸ್ ನರ ರೇಡಿಯಸ್ಸಿನ ಕುತ್ತಿಗೆಯನ್ನು ಸುತ್ತಿಕೊಂಡೇ ಹೋಗುತ್ತದೆ, ಜಾರಿದ ತಲೆ ಅದನ್ನು ಮೊದಲೇ ಎಳೆದಿರಬಹುದು. ಮೊದಲೇ ಬಲಹೀನವಾಗಿತ್ತೋ, ನಮ್ಮ ಕೈಯಲ್ಲಿ ಆಯಿತೋ ಎನ್ನುವುದಕ್ಕೆ ಉತ್ತರ ಆ ಹಾಳೆಯಲ್ಲಿರಬೇಕು.

ಈಗ ಮುಖ್ಯ ವಿಷಯ. ಬಹಳ ಕಾಲ ಈ ಆಪರೇಷನ್ ಅಂದರೆ ರೇಡಿಯಸ್ ತಲೆಯನ್ನು ಒಳಗೆ ತಳ್ಳಿ, ಹರಿದ ಉಂಗುರದ ಕಟ್ಟನ್ನು, ಅಂದರೆ ಆನ್ಯುಲರ್ ಲಿಗಮೆಂಟನ್ನು, ಹೊಸದಾಗಿ ಕಟ್ಟುವುದು ಎಂದಾಗಿತ್ತು. ಶಸ್ತ್ರವೈದ್ಯ ಬೆಲ್ ಟಾಸ್ 1965ರಲ್ಲಿ ತೋಳಿನ ಹಿಂಬದಿಯ ಟ್ರೈಸೆಪ್ಸ್ ಸ್ನಾಯುರಜ್ಜುವಿನ ಒಂದು ಪಟ್ಟಿಯನ್ನು ಸೀಳಿ ಕುತ್ತಿಗೆಗೆ ಸುತ್ತುವ ವಿಧಾನ ಪ್ರಕಟಿಸಿದರು. ಪಟ್ಟಿ ಕಟ್ಟಿ ಅಲ್ನಾ ಬಾಗನ್ನು ಹಾಗೇ ಬಿಟ್ಟರೆ ಏನಾಗುತ್ತದೆ? ಬಾಗಿದ ಅಲ್ನಾ ಕುಳ್ಳಗಾಗಿರುತ್ತದೆ, ರೇಡಿಯಸ್ಸಿಗೆ ತನ್ನ ಜಾಗದಲ್ಲಿ ಕೂರಲು ಉದ್ದ ಸಾಲದು. ಎರಡು ಮೂಳೆಗಳ ನಡುವಿನ ಗಟ್ಟಿ ಪೊರೆ ರೇಡಿಯಸ್ಸನ್ನು ಮುಂದಕ್ಕೇ ಎಳೆಯುತ್ತಿರುತ್ತದೆ. ಆ ಎಳೆತದ ಮುಂದೆ ಒಂದು ಪಟ್ಟಿ ಎಷ್ಟು ದಿನ ನಿಂತೀತು? ಜಾರಿದ್ದು ರೇಡಿಯಸ್ಸಾದರೂ ತಿದ್ದಬೇಕಾದ್ದು ಅಲ್ನಾವನ್ನು.

ಮಗುವನ್ನು ಮಲಗಿಸಿ, ಕೈಯನ್ನು ಪಕ್ಕದ ಮೇಜಿನ ಮೇಲೆ ಇಟ್ಟು, ತೋಳಿಗೆ ರಕ್ತ ತಡೆಯುವ ಪಟ್ಟಿ, ಅಂದರೆ ಟೂರ್ನಿಕೆ, ಕಟ್ಟಿ ಶುರು ಮಾಡುತ್ತೇವೆ. ಬಾಯ್ಡ್ ಎಂಬ ಶಸ್ತ್ರವೈದ್ಯರ ಹೆಸರಿನ ದಾರಿಯಲ್ಲಿ ಹೋದರೆ ಮೊಣಕೈಯ ಹೊರಬದಿಯಿಂದ ಅಲ್ನಾದ ಅಂಚಿನ ಗುಂಟ ಒಂದೇ ಕೊಯ್ತದಲ್ಲಿ ರೇಡಿಯಸ್ ತಲೆಯೂ ಸಿಗುತ್ತದೆ, ಅಲ್ನಾವೂ ಸಿಗುತ್ತದೆ. ಮುಂಗೈಯನ್ನು ಅಂಗೈ ಕೆಳಗಾಗುವಂತೆ ತಿರುಗಿಸಿ ಹಿಡಿದರೆ ನರ ಕೊಯ್ತದಿಂದ ದೂರ ಸರಿಯುತ್ತದೆ. ಕೀಲು ತೆರೆದಾಗ ಕ್ಯಾಪಿಟೆಲ್ಲಮ್ ಎದುರಿನ ಜಾಗ ಖಾಲಿ ಇರುವುದಿಲ್ಲ, ಬಿಳಿ ನಾರು ತುಂಬಿರುತ್ತದೆ. ಅದನ್ನು ಸಾವಧಾನವಾಗಿ ಬಿಡಿಸಬೇಕು. ಹಳೆಯ ಉಂಗುರದ ಕಟ್ಟು ಕೆಲವೊಮ್ಮೆ ನಡುವೆ ತೂತಿರುವ ಪರದೆಯಂತೆ ಅಲ್ಲೇ ಮಡಚಿ ಬಿದ್ದಿರುತ್ತದೆ. ತೂತನ್ನು ಹಿಗ್ಗಿಸಿ ತಲೆಯನ್ನು ಅದರೊಳಗಿಂದ ತೂರಿಸಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ಕಟ್ಟು ಬೇರೆ ಇಲ್ಲ. ತಲೆಯ ಮೆದುಮೂಳೆಗೆ ಉಳಿಯ ಚೂಪು ತಾಗಬಾರದು.

ಆಮೇಲೆ ಅಲ್ನಾವನ್ನು ಮೊಣಕೈಗೆ ಹತ್ತಿರದ ಭಾಗದಲ್ಲಿ ಅಡ್ಡಕ್ಕೆ ಕತ್ತರಿಸುತ್ತೇವೆ. ಗರಗಸದ ಅಲಗು ಕಾಯದಂತೆ ನೀರು ಬಿಡುತ್ತಲೇ ಇರಬೇಕು, ಕಾದ ಮೂಳೆ ಬೇಗ ಕೂಡುವುದಿಲ್ಲ. ಮುಂದಕ್ಕೆ ಜಾರಿದ ಜಾತಿಯಲ್ಲಿ ಅಲ್ನಾವನ್ನು ಬರೀ ನೇರ ಮಾಡಿದರೆ ಅನೇಕ ಸಲ ಸಾಲುವುದಿಲ್ಲ. ಬಾಗು ಹಿಂಬದಿಗೆ ಉಬ್ಬುವಂತೆ, ಸೀಳು ಹಿಂದುಗಡೆ ತೆರೆದುಕೊಳ್ಳುವಂತೆ, ಬೇಕೆಂದೇ ಸ್ವಲ್ಪ ಅತಿಯಾಗಿ ತಿದ್ದುತ್ತೇವೆ. ಜೊತೆಗೆ ಕೆಲವು ಮಿಲಿಮೀಟರ್ ಉದ್ದವನ್ನೂ ಮಾಡುತ್ತೇವೆ. ಎಷ್ಟು ಡಿಗ್ರಿ ಎಂದು ಮೊದಲೇ ನಿಗದಿ ಮಾಡಿಕೊಂಡು ಹೋಗುವುದರಲ್ಲಿ ಅರ್ಥವಿಲ್ಲ. ಅಲ್ನಾದ ಕೆಳತುಂಡನ್ನು ಕೈಯಲ್ಲಿ ಹಿಡಿದು ನಿಧಾನಕ್ಕೆ ಬಾಗಿಸುತ್ತಾ ಹೋದಂತೆ ಆ ನಡುಪೊರೆ ರೇಡಿಯಸ್ಸನ್ನು ಹಿಂದಕ್ಕೆ ಸೆಳೆಯುತ್ತದೆ. ಒಂದು ಹಂತದಲ್ಲಿ ತಲೆ ಯಾರೂ ಒತ್ತದೆ ಕ್ಯಾಪಿಟೆಲ್ಲಮ್ ಎದುರಿಗೆ ಬಂದು ನಿಲ್ಲುತ್ತದೆ. ಅಲ್ಲಿ ಹಿಡಿದುಕೊಂಡು ಮೊಣಕೈಯನ್ನು ಪೂರ್ತಿ ಚಾಚಿ, ಪೂರ್ತಿ ಮಡಚಿ, ಅಂಗೈ ಎರಡೂ ಕಡೆ ತಿರುಗಿಸಿ, ಆಪರೇಷನ್ ನಡುವೆಯೇ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಯಂತ್ರದಲ್ಲಿ ನೋಡುತ್ತೇವೆ. ಎಲ್ಲ ಭಂಗಿಯಲ್ಲೂ ನಿಂತರೆ ಆ ಕೋನಕ್ಕೆ ಪ್ಲೇಟು ಬಗ್ಗಿಸಿ ಸ್ಕ್ರೂ ಹಾಕುತ್ತೇವೆ, ಕತ್ತರಿಸಿದ ಜಾಗದ ಎರಡೂ ಬದಿಗೆ ಆದಷ್ಟೂ ಮೂರು ಮೂರು. ಸಂದು ದೊಡ್ಡದಿದ್ದರೆ ಅಲ್ಲಿಗೆ ಮೂಳೆ ತುಂಬುತ್ತೇವೆ.

ಯಾವುದೋ ಒಂದು ಭಂಗಿಯಲ್ಲಿ ತಲೆ ಜಾರಿದರೆ ತಕ್ಷಣ ‘ಕಟ್ಟು ಬಿಗಿ ಮಾಡೋಣ’ ಅನ್ನಿಸುತ್ತದೆ. ಆ ಆಸೆಗೆ ಬೀಳಬಾರದು. ಅಲ್ನಾ ತಿದ್ದಿದ್ದು ಸಾಲದು ಎಂದೇ ಅದರರ್ಥ, ಮತ್ತೆ ಅಲ್ಲಿಗೇ ಹೋಗಬೇಕು. ತಲೆ ಗಟ್ಟಿಯಾಗಿ ಕೂತ ಮೇಲೆ ಉಂಗುರದ ಕಟ್ಟು ಉಳಿದಿದ್ದರೆ ಹೊಲಿಯಿರಿ, ಇಲ್ಲದಿದ್ದರೆ ಟ್ರೈಸೆಪ್ಸ್ ಪಟ್ಟಿ ಬಳಸಬಹುದು. ಅದನ್ನು ಬಿಗಿದು ಕಟ್ಟಿದರೆ ರೇಡಿಯಸ್ಸಿನ ಕುತ್ತಿಗೆ ಸವೆದು ಕಚ್ಚು ಬೀಳುತ್ತದೆ, ಅಂಗೈ ತಿರುಗುವುದು ಇನ್ನೂ ಕಡಿಮೆಯಾಗುತ್ತದೆ. ಕ್ಯಾಪಿಟೆಲ್ಲಮ್ ಮೂಲಕ ರೇಡಿಯಸ್ಸಿಗೆ ವೈರು ಚುಚ್ಚಿ ಹಿಡಿಸುವುದನ್ನು ನಾವು ಆದಷ್ಟೂ ತಪ್ಪಿಸುತ್ತೇವೆ. ಪ್ಲಾಸ್ಟರಿನೊಳಗೆ ಮಗು ಕೈ ಅಲುಗಿಸಿದರೆ ಆ ವೈರು ಕೀಲಿನ ನಡುವೆಯೇ ಮುರಿಯುತ್ತದೆ, ತುಂಡು ತೆಗೆಯುವುದು ಇನ್ನೊಂದು ಆಪರೇಷನ್. ಹಾಕಲೇಬೇಕಾಗಿ ಬಂದರೆ ದಪ್ಪ ವೈರು ಇರಲಿ, ಪ್ಲಾಸ್ಟರ್ ತೋಳಿನವರೆಗೆ ಇರಲಿ, ಕೈ ಆಡಿಸಲು ಬಿಡುವ ಮೊದಲೇ ವೈರು ಹೊರಬರಲಿ.

ಮುಚ್ಚುವ ಮುನ್ನ ಟೂರ್ನಿಕೆ ಬಿಟ್ಟು ರಕ್ತ ನಿಲ್ಲಿಸಬೇಕು. ಮೂಳೆ ಉದ್ದ ಮಾಡಿರುವುದರಿಂದ ಮುಂಗೈಯ ಸ್ನಾಯುಗಳೊಳಗೆ ಒತ್ತಡ ಏರುತ್ತದೆ, ಹಾಗಾಗಿ ಸ್ನಾಯುವಿನ ಮೇಲಿನ ಬಿಗಿ ಹೊದಿಕೆಯನ್ನು ಮುನ್ನೆಚ್ಚರಿಕೆಯಾಗಿ ಸೀಳಿಬಿಡುವುದು ಒಳ್ಳೆಯ ಅಭ್ಯಾಸ. ಆ ಹೊದಿಕೆಯನ್ನು ಹೊಲಿಯಬಾರದು, ಚರ್ಮ ಮಾತ್ರ ಹೊಲಿಯಬೇಕು. ಮೊಣಕೈ ಸುಮಾರು 90 ಡಿಗ್ರಿ ಮಡಚಿ 4ರಿಂದ 6 ವಾರ ಪ್ಲಾಸ್ಟರ್. ಆ ರಾತ್ರಿ ಬೆರಳುಗಳನ್ನು ಗಂಟೆಗಂಟೆಗೆ ನೋಡುವ ಹೊಣೆ ಒಬ್ಬರ ಮೇಲಿರಬೇಕು.

ಪೆಟ್ಟಾಗಿ ಬಹಳ ವರ್ಷವಾಗಿ ರೇಡಿಯಸ್ ತುಂಬಾ ಮೇಲಕ್ಕೆ ಸರಿದಿದ್ದರೆ ಒಂದೇ ಸಲಕ್ಕೆ ಇಳಿಸುವುದು ನರಕ್ಕೂ ರಕ್ತನಾಳಕ್ಕೂ ಕಷ್ಟ. ಆಗ ಅಲ್ನಾಗೆ ಹೊರಗಿನಿಂದ ಫಿಕ್ಸೇಟರ್, ಅಂದರೆ ಪಿನ್ನುಗಳಿಂದ ಮೂಳೆ ಹಿಡಿಯುವ ಚೌಕಟ್ಟು, ಹಾಕಿ, ದಿನಕ್ಕೆ 1 ಮಿಲಿಮೀಟರಿನಂತೆ ಎಳೆಯುತ್ತಾ ಇಳಿಸುವ ದಾರಿ ಇದೆ. ಮನೆಯವರು ದಿನವೂ ಸ್ಪಾನರ್ ತಿರುಗಿಸಬೇಕು, ಪಿನ್ನಿನ ಬುಡ ಶುಚಿಯಾಗಿಡಬೇಕು. ಅದಕ್ಕೆ ಸಿದ್ಧರಿರುವ ಮನೆಗೆ ಮಾತ್ರ ಇದು ಹೊಂದುತ್ತದೆ.

ಏನೇನು ಕೆಡಬಹುದು ಎಂದು ಮೊದಲೇ ಮುಚ್ಚುಮರೆಯಿಲ್ಲದೆ ಹೇಳಬೇಕು. ತಲೆ ಮತ್ತೆ ಜಾರಬಹುದು. ನರ ಎಳೆದು ಬೆರಳು ಎತ್ತಲು ಆಗದಿರಬಹುದು, ಅದು ಹೆಚ್ಚಾಗಿ ತಿಂಗಳುಗಳಲ್ಲಿ ಮರಳುತ್ತದೆ. ಅಲ್ನಾ ಕೂಡುವುದು ತಡವಾಗಬಹುದು. ಅಂಗೈ ಕೆಳಕ್ಕೆ ತಿರುಗುವುದರಲ್ಲಿ ಸ್ವಲ್ಪ ಕಡಿಮೆಯಾಗುವುದು ಸಾಮಾನ್ಯ. ಬರೆಯುವ, ಕೀಲಿಮಣೆ ಒತ್ತುವ ಭಂಗಿ ಅದೇ ಆದ್ದರಿಂದ ಇದನ್ನು ಸಣ್ಣದೆಂದು ತಳ್ಳಿಹಾಕಬೇಡಿ.

ಹೊರಬದಿಯ ಕಾಂಡೈಲ್

ಕಾಂಡೈಲ್ ಅಂದರೆ ಕೀಲಿನ ಬಳಿ ಮೂಳೆಯ ತುದಿಯ ಉಬ್ಬು. ಇದರ ಮುರಿತ ಸುಮಾರು 6 ವರ್ಷದ ಆಸುಪಾಸಿನ ಮಕ್ಕಳಲ್ಲಿ ಹೆಚ್ಚು. ಹ್ಯೂಮರಸ್ಸಿನ ಕೆಳತುದಿಯ ಹೊರಬದಿ ತುಂಡು ಒಡೆದು ಬರುತ್ತದೆ, ಎಕ್ಸ್‌ರೇಯಲ್ಲಿ ತೆಳು ಚೂರಿನಂತೆ ಕಾಣುತ್ತದೆ. ನಿಜವಾದ ತುಂಡು ಅದಕ್ಕಿಂತ ಎಷ್ಟೋ ದೊಡ್ಡದು, ಉಳಿದದ್ದೆಲ್ಲ ಮೆದುಮೂಳೆ. 2 ಮಿಲಿಮೀಟರಿಗಿಂತ ಹೆಚ್ಚು ಸರಿದಿದ್ದರೆ ಹೊಸದಿರುವಾಗಲೇ ವೈರು ಅಥವಾ ಸ್ಕ್ರೂ ಹಾಕಿ ಹಿಡಿಸಬೇಕು. ಬಿಟ್ಟರೆ ಏಕೆ ಕೂಡುವುದಿಲ್ಲ ಎಂದರೆ, ಮಣಿಕಟ್ಟು ಎತ್ತುವ ಸ್ನಾಯುಗಳು ಅದನ್ನು ಸದಾ ಎಳೆಯುತ್ತಿರುತ್ತವೆ, ಕೀಲಿನ ದ್ರವ ಬಿರುಕಿನೊಳಗೆ ಹರಿಯುತ್ತಿರುತ್ತದೆ, ರಕ್ತ ಹಿಂಬದಿಯ ಒಂದು ಸಣ್ಣ ದಾರಿಯಿಂದ ಮಾತ್ರ ಬರುತ್ತದೆ. 12 ವಾರವಾದರೂ ಕೂಡದಿದ್ದರೆ ಅದು ಇನ್ನು ಕೂಡುವುದಿಲ್ಲ ಎಂದೇ ಲೆಕ್ಕ.

ತಡವಾಗಿ ಬಂದ ಕಾಂಡೈಲನ್ನು ಹೊಸ ಮುರಿತದಂತೆ ಕನ್ನಡಿಯಷ್ಟು ನಯವಾಗಿ ಜೋಡಿಸಲು ಹೊರಟವರು ಅದನ್ನು ಕೊಂದಿದ್ದಾರೆ. ತುಂಡನ್ನು ಅದರ ಹಳೆಯ ಜಾಗಕ್ಕೆ ತರಬೇಕಾದರೆ ಹಿಂಬದಿಯ ಅಂಟುಗಳನ್ನೆಲ್ಲ ಬಿಡಿಸಬೇಕು, ಬಿಡಿಸಿದರೆ ರಕ್ತ ನಿಲ್ಲುತ್ತದೆ. ಹಾಗಾಗಿ ಹಿಂಬದಿ ಮುಟ್ಟಬೇಡಿ. ಮುಂದಿನಿಂದ ನೋಡಿ, ಕೀಲಿನ ಮೇಲ್ಮೈಯನ್ನು ಬಿಟ್ಟು, ಮೂಳೆಗೆ ಮೂಳೆ ತಾಗುವ ಮೇಲಿನ ಭಾಗದ ನಾರನ್ನಷ್ಟೇ ಕೆರೆದು ತೆಗೆಯಿರಿ. ತುಂಡನ್ನು ಬೇರೆ ಬೇರೆ ಜಾಗದಲ್ಲಿ ಹಿಡಿದು ಮೊಣಕೈ ಮಡಚಿ ಚಾಚಿ ನೋಡಿ, ಯಾವ ಜಾಗದಲ್ಲಿ ಕೈ ಹೆಚ್ಚು ಆಡುತ್ತದೋ ಅಲ್ಲಿ ಸ್ಕ್ರೂ ಬಿಗಿದು, ಸೊಂಟದ ಮೂಳೆಯ ಚೂರುಗಳನ್ನು ತುಂಬಿ. ಎಕ್ಸ್‌ರೇ ಅಂದ ಕಡಿಮೆಯಾದರೂ ಚಿಂತೆಯಿಲ್ಲ.

ಏನೂ ಮಾಡದೆ ಬಿಟ್ಟ ಕೈ ವರ್ಷದಿಂದ ವರ್ಷಕ್ಕೆ ಹೊರಕ್ಕೆ ವಾಲುತ್ತದೆ. ಒಳಬದಿಯ ಅಲ್ನರ್ ನರ ಎಳೆದೆಳೆದು, ಎಷ್ಟೋ ವರ್ಷಗಳ ನಂತರ, ಮಗು ದೊಡ್ಡವನಾಗಿ ದುಡಿಯುವ ವಯಸ್ಸಿನಲ್ಲಿ ಕಿರುಬೆರಳು, ಉಂಗುರಬೆರಳು ಜೋಮು ಹಿಡಿದು ಗಿಣಿಯ ಉಗುರಿನಂತೆ ಮಡಚಿಕೊಳ್ಳುತ್ತವೆ. ಆಗ ನರವನ್ನು ಮುಂದಕ್ಕೆ ಸರಿಸುವ ಆಪರೇಷನ್ ಬೇಕಾಗುತ್ತದೆ.

ಒಳಕ್ಕೆ ಸೊಟ್ಟಾದ ಮೊಣಕೈ

ಮೊಣಕೈಗೆ ಸ್ವಲ್ಪ ಮೇಲೆ ಮುರಿದು ತಪ್ಪಾಗಿ ಕೂಡಿದರೆ ಕೈ ಬಂದೂಕಿನ ಹಿಡಿಯಂತೆ ಒಳಕ್ಕೆ ತಿರುಗುತ್ತದೆ. ಕೈ ಚೆನ್ನಾಗಿಯೇ ಆಡುವುದರಿಂದ ಅವಸರವಿಲ್ಲ. ಪೆಟ್ಟಾಗಿ ಒಂದು ವರ್ಷವಾದರೂ ಕಳೆದು, ಚಲನೆ ಎಷ್ಟು ಮರಳಬೇಕೋ ಅಷ್ಟು ಮರಳಿದ ಮೇಲೆ ತಿದ್ದುವುದು ವಾಡಿಕೆ. ಹೊರಬದಿಯಿಂದ ಬೆಣೆಯಾಕಾರದ ತುಂಡು ತೆಗೆದು ಮುಚ್ಚುತ್ತೇವೆ. ಬೆಣೆಯ ಬುಡ ಎಷ್ಟು ಅಗಲ ಎಂಬುದಕ್ಕೆ ಸರಳ ಲೆಕ್ಕವಿದೆ: ಆ ಮಟ್ಟದಲ್ಲಿ ಮೂಳೆಯ ಅಗಲವನ್ನು ತಿದ್ದಬೇಕಾದ ಕೋನದ ಟ್ಯಾನ್‌ನಿಂದ (ಗಣಿತದ ಟ್ಯಾಂಜೆಂಟ್ ಬೆಲೆಯಿಂದ) ಗುಣಿಸಬೇಕು. 35 ಮಿಲಿಮೀಟರ್ ಅಗಲದ ಮೂಳೆಯಲ್ಲಿ 30 ಡಿಗ್ರಿ ತಿದ್ದಲು ಸುಮಾರು 20 ಮಿಲಿಮೀಟರ್. ಈ ಕೋನ ಎಂದರೆ ಸೊಟ್ಟ ಎಷ್ಟಿದೆಯೋ ಅಷ್ಟು ಮತ್ತು ಇನ್ನೊಂದು ಕೈ ಸಹಜವಾಗಿ ಹೊರಕ್ಕೆ ಎಷ್ಟು ವಾಲಿದೆಯೋ ಅಷ್ಟು, ಎರಡೂ ಸೇರಿ. ಎರಡನೆಯದನ್ನು ಕೂಡಿಸಲು ಮರೆತರೆ ಕೈ ಕೋಲಿನಂತೆ ನೆಟ್ಟಗಾಗುತ್ತದೆ, ಮನೆಯವರು ಇನ್ನೂ ಸೊಟ್ಟವೇ ಅನ್ನುತ್ತಾರೆ, ಅವರು ಹೇಳುವುದು ಸರಿ.

ಬಿಗಿ ಕಟ್ಟು, ನೀವುವುದು

ಈ ಎರಡು ಮಾತು ಮನೆಯವರಿಗೆ. ಪೆಟ್ಟು ಬಿದ್ದ ಕೈಗೆ ಬಿಗಿಯಾಗಿ ಕಟ್ಟು ಬಿದ್ದು, ಮಗು ಸುಮ್ಮನಾಗದೆ ಅಳುತ್ತಿದೆ, ನೋವಿನ ಔಷಧಿ ಕೊಟ್ಟಷ್ಟೂ ಸಾಲುತ್ತಿಲ್ಲ, ಬೆರಳನ್ನು ನೇರ ಮಾಡಲು ಹೋದರೆ ಕಿರುಚುತ್ತದೆ ಎಂದರೆ ಕಟ್ಟನ್ನು ಚರ್ಮ ಕಾಣುವವರೆಗೆ ಪೂರ್ತಿ ಬಿಚ್ಚಿ ಆಸ್ಪತ್ರೆಗೆ ಓಡಿ. ನಾಡಿ ಬಡಿಯುತ್ತಿದೆ ಎಂದು ಸಮಾಧಾನಪಡಬೇಡಿ, ಒಳಗೆ ಸ್ನಾಯು ಸಾಯುತ್ತಿರುವಾಗಲೂ ನಾಡಿ ಸಿಗುತ್ತದೆ. ಸುಮಾರು 6 ಗಂಟೆ ರಕ್ತವಿಲ್ಲದೆ ಹೋದರೆ ಸ್ನಾಯು ಮರಳಿ ಬರುವುದಿಲ್ಲ. ಜರ್ಮನಿಯ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲಿ ಬಿಗಿ ಕಟ್ಟಿನ ಬಗ್ಗೆ ಎಚ್ಚರಿಸಿದ್ದು ಇದನ್ನೇ. ಬೆರಳು ಮಡಚಿ ಸೆಟೆದ ಮೇಲೆ ಸ್ಪ್ಲಿಂಟ್, ಒಳಮೊಣಕೈಯಿಂದ ಸ್ನಾಯುಗಳನ್ನು ಬಿಡಿಸಿ ಕೆಳಕ್ಕೆ ಜಾರಿಸುವುದು, ತೀರಾ ಕೆಟ್ಟಿದ್ದರೆ ತೊಡೆಯ ಗ್ರಾಸಿಲಿಸ್ ಸ್ನಾಯುವನ್ನು ನರ, ರಕ್ತನಾಳಗಳ ಸಮೇತ ತಂದು ಜೋಡಿಸುವುದು, ಇವೆಲ್ಲ ಇವೆ. ಯಾವುದರಿಂದಲೂ ಕೈ ಮೊದಲಿನಂತಾಗುವುದಿಲ್ಲ.

ನೀವುವುದರಿಂದ ಮೊಣಕೈ ಸಡಿಲವಾಗುವ ಬದಲು ಗಟ್ಟಿಯಾಗುತ್ತದೆ. ಜಜ್ಜಿದ ಸ್ನಾಯುವಿನೊಳಗೆ ಮೂಳೆ ಬೆಳೆಯಲು ಶುರುವಾಗುತ್ತದೆ, ಅದು ಬಲಿತು ನಿಲ್ಲಲು ಅನೇಕ ತಿಂಗಳು ಬೇಕು, ಅಲ್ಲಿಯವರೆಗೆ ಕೊಯ್ಯುವಂತೆಯೂ ಇಲ್ಲ. ಆಪರೇಷನ್ ಆದ ಮೇಲೂ ಇದೇ ನಿಯಮ. ಬೇರೆಯವರು ಎಳೆಯಬಾರದು, ಭಾರದ ಬಕೆಟ್ ಹಿಡಿಸಿ ನಿಲ್ಲಿಸಬಾರದು. ಮಗು ತಾನೇ ಆಡಿಸಲಿ: ಚಪಾತಿ ಹಿಟ್ಟು ನಾದಲಿ, ಬಾಗಿಲ ಹಿಡಿ ತಿರುಗಿಸಲಿ, ಬೊಗಸೆಯಲ್ಲಿ ನೀರು ತುಂಬಿ ಮುಖ ತೊಳೆಯಲಿ.

ಕೊನೆಗೆ ಕೇಳಿದ ಒಂದು ಪ್ರಶ್ನೆ

‘ಮಗುವಿಗೆ ನೋವಿಲ್ಲ, ಆಟ ಆಡುತ್ತದೆ. ರೇಡಿಯಸ್ ಜಾರಿದೆ ಅಂತ ಈಗ ಹೇಳುತ್ತಿದ್ದಾರೆ. ಆಪರೇಷನ್ ಬೇಕೇ ಬೇಕಾ?’ ಎಂದು ತಾಯಿಯೊಬ್ಬರು ಕೇಳಿದರು.

ಚಿಕ್ಕ ಮಗುವಾಗಿದ್ದು, ತಲೆಯ ಆಕಾರ ಚೆನ್ನಾಗಿದ್ದರೆ ಮಾಡಿಸುವುದು ಒಳ್ಳೆಯದು ಎಂದೇ ನಮ್ಮ ಅಭಿಪ್ರಾಯ. ಈಗ ನೋವಿಲ್ಲದ ಕೈ ಬೆಳೆದ ಮೇಲೆ ನೋಯಬಹುದು, ಹೊರಕ್ಕೆ ವಾಲಬಹುದು, ಆಗ ಕೂರಿಸಲು ತಲೆಯ ಆಕಾರ ಉಳಿದಿರುವುದಿಲ್ಲ. ಇಂಥ ಆಪರೇಷನ್ ಮಾಡಿ ಅನುಭವ ಇರುವವರ ಹತ್ತಿರ ಹೋಗಿ. ಹೋಗುವಾಗ ಪೆಟ್ಟಾದ ದಿನದ ಎಕ್ಸ್‌ರೇ, ಪ್ಲಾಸ್ಟರ್ ಬಿಚ್ಚಿದ ದಿನದ್ದು, ಈಗಿನದು, ಮೂರನ್ನೂ ತೆಗೆದುಕೊಂಡು ಹೋಗಿ. ಮೊಬೈಲಿನಲ್ಲಿ ತೆಗೆದ ಫೋಟೋ ಸಾಲದು, ಓರೆಯಾಗಿ ತೆಗೆದ ಫೋಟೋದಲ್ಲಿ ಗೆರೆಯೂ ಓರೆಯಾಗುತ್ತದೆ. ಫಿಲ್ಮನ್ನೇ ಒಯ್ಯಿರಿ, ಇಲ್ಲವೇ ಸಿಡಿ ಕೇಳಿ ಪಡೆಯಿರಿ. ಎರಡೂ ಮೊಣಕೈಗಳದ್ದು ಇರಲಿ.